ಅಕ್ಕ ಬಂದರೆ ಹೊಗೆಯಿಲ್ಲ

ಪುತ್ತೂರು ಬಸ್‌ಸ್ಟ್ಯಾಂಡಿನ ಗಾಳಿಯಲ್ಲಿರುವ ಅತಿಸೂಕ್ಷ್ಮ ಕಣಗಳನ್ನು ಅಳೆಯುವುದು ನನ್ನ ಮತ್ತು ನನ್ನ ಸಹೋದ್ಯೋಗಿಯ ಕೆಲಸ. ಯಂತ್ರ ಒಂದೇ; ಒಂದು ದಿನ ಅವಳು, ಮರುದಿನ ನಾನು. ಅವಳು ಅದರ ಮೂತಿಯನ್ನು ಮಗುವಿನ ಮೂಗಿನಂತೆ ಶಾಲಿನ ತುದಿಯಲ್ಲಿ ಒರೆಸುತ್ತಿದ್ದಳು. ಕಂಡ ಡ್ರೈವರುಗಳನ್ನೆಲ್ಲ "ಎಂತ ಮಾರಾಯ್ರೆ, ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ನನ್ನನ್ನು ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು.

ಅವಳ ಅಂಕಿ ಯಾವಾಗಲೂ ನನ್ನದಕ್ಕಿಂತ ತೀರಾ ಕಡಿಮೆ. ಕಚೇರಿಯ ಸಾಹೇಬರಿಗೆ ನನ್ನ ಮೇಲೆಯೇ ಸಂಶಯ. ಕೊನೆಗೊಂದು ದಿನ ಅವಳ ಜೊತೆ ಹೋದೆ.

"ಇಂಜಿನ್ ಬಂದ್ ಮಾಡು ಮಾರಾಯ, ಅಕ್ಕ ಬಂದ್ರು. ಅವ್ರಿಗೆ ಹೊಗೆ ಆಗುದಿಲ್ಲ," ಎಂದು ಒಬ್ಬ ಡ್ರೈವರ್ ಕೂಗಿದ. ನಿಂತಿದ್ದ ಬಸ್ಸುಗಳೆಲ್ಲ ಒಂದೊಂದಾಗಿ ಸುಮ್ಮನಾದವು.

ವರದಿಗೆ ನನ್ನ ಅಂಕಿಯೇ ಹೋಯಿತು. ಹೊಟ್ಟೆಯುರಿ ಮಾತ್ರ ಆರಲಿಲ್ಲ. ನಾನು ಹೊಗೆಯನ್ನು ಸರಿಯಾಗಿ ಅಳೆದಿದ್ದೆ, ಅಷ್ಟೆ. ಅವಳು ಅದನ್ನು ನಿಲ್ಲಿಸಿದ್ದಳು.