ಮಾವನವರ ಕೋಟಿನ ಪಿನ್ನು

ಬಸ್ಸಿನಲ್ಲಿ ಜೇಬುಗಳ್ಳರ ಪಾಲಾಗಬಹುದಿತ್ತು. ಜೇಬಿನ ಹೊಲಿಗೆ ಬಿಟ್ಟು ಜಾಲಹಳ್ಳಿ ಕ್ರಾಸಿನ ಧೂಳಿಗೆ ಬೀಳಬಹುದಿತ್ತು. ಹೆಂಡತಿ ಅಂಗಿಯ ಜೊತೆ ಅದನ್ನೂ ನೆನೆಹಾಕಬಹುದಿತ್ತು. ಮ್ಯೂಸಿಯಂನವರು ಬೇಡವೆಂದು ಹಿಂದಿರುಗಿಸಬಹುದಿತ್ತು. ಅಷ್ಟರಲ್ಲಿ ಮಾವನವರೇ... ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಅಂದಿನ ಈ ಹೆದರಿಕೆಗಳೆಲ್ಲ ನೆನಪಾದದ್ದು ಮೊನ್ನೆ, ಸೈನಿಕರ ಪುಟ್ಟ ಮ್ಯೂಸಿಯಂ ಒಂದರ ಗಾಜಿನ ಪೆಟ್ಟಿಗೆಯ ಮುಂದೆ. ಒಳಗೆ ಮಾವನವರ ಕೋಟಿನ ಪಿನ್ನು. ನಿವೃತ್ತರಾದಾಗ ಸೈನ್ಯ ಕೊಟ್ಟದ್ದು, ಹುಣಸೆಬೀಜದ ಗಾತ್ರ.

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ತಪಾಸಣೆಯವನಾಗಿದ್ದೆ. ದಿನವಿಡೀ ವರ್ನಿಯರ್ ಹಿಡಿದು ಬಿಡಿಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಅಂಚಿಗೊಂದು ಹಸಿರು ಬಣ್ಣದ ಚುಕ್ಕೆ ಇಡುವುದು. ಈ ಚಾಳಿ ಮನೆಗೂ ಬರುತ್ತಿತ್ತು ನೋಡಿ. ಗ್ಯಾಸ್ ಆರಿದೆಯೇ ಎಂದು ಮೂರು ಸಲ ಮುಟ್ಟಿ ನೋಡದೆ ನಾನು ಮನೆ ಬಿಟ್ಟವನಲ್ಲ. ಇಂಥವನ ಕೈಗೆ ಮಾವ, ಮ್ಯೂಸಿಯಂಗೆ ದಾನವಾಗಿ ಸೇರಿಸಿ ಬನ್ನಿ ಎಂದು ಪಿನ್ನು ಕೊಟ್ಟರು. ಅವರ ಹೃದಯದ ಆಪರೇಷನ್ನಿಗೆ ಹದಿನೈದು ದಿನವಿತ್ತು.

"ಅಷ್ಟ್ರೊಳಗೆ ಮ್ಯೂಸಿಯಂ ರಸೀದಿ ನನ್ನ ಕೈಲಿರ್ಬೇಕು ಅಳಿಯಂದ್ರೇ. ಯಾಕೆ ಹಂಗೆ ಬೆವರ್ತೀರಿ? ಪಿನ್ನು ಕಣ್ರೀ, ಬಾಂಬಲ್ಲ."

ಮ್ಯೂಸಿಯಂನ ಅರ್ಜಿಯಲ್ಲಿ ವಸ್ತುವಿನ ಅಳತೆ ಕೇಳಿದ್ದರು. ವಸ್ತು ಇದ್ದ ಹಾಗೇ ಇರಬೇಕು, ಉಜ್ಜಬಾರದು ಎಂದೂ ಇತ್ತು. ಅಂದಾಜು ಬರೆಯುವ ಜಾಯಮಾನ ನನ್ನದಲ್ಲ, ಕಾರ್ಖಾನೆಗೆ ಒಯ್ದೆ. ಊಟದ ಬಿಡುವಿನಲ್ಲಿ ಎರಡೆರಡು ಸಲ ಅಳೆದೆ, ಬರೆದುಕೊಂಡೆ. ನೋಡುವಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಹಸಿರು ಚುಕ್ಕೆ ಇಟ್ಟುಬಿಟ್ಟಿತ್ತು.

"ಥಿನ್ನರ್ ಹಾಕಿ ಒರೆಸ್ಲಾ ಗುರು?" ಎಂದ ಪಕ್ಕದ ಮೇಜಿನ ಗೆಳೆಯ.

"ಮುಟ್ಟಬೇಡ್ವೋ! ಪಿನ್ನಿನ ಬಣ್ಣಾನೇ ಎದ್ದುಬಂದ್ರೆ?"

ಸಂಜೆ ರಾಜಗೋಪಾಲನಗರದ ಮನೆಯಲ್ಲಿ ಅದನ್ನು ಮಾವನ ಮುಂದಿಟ್ಟೆ. ಕನ್ನಡಕ ಏರಿಸಿದರು.

"ಏನಿದು?"

"ಪಾಸಾಗಿದೆ ಅನ್ನೋ ಗುರುತು ಮಾವ. ಅಭ್ಯಾಸ... ಕೈ ತಡೀಲಿಲ್ಲ."

ಅವರು ಎದೆ ಹಿಡಿದುಕೊಂಡರು. ನಾನು ನೀರು ತರಲು ಎದ್ದೆ. ನೋಡಿದರೆ, ನಗು.

"ಅಷ್ಟು ವರ್ಷ ಸರ್ವಿಸ್ ಮಾಡ್ದೆ ಕಣ್ರೀ, ಒಬ್ಬ ಆಫೀಸರ್ರೂ ನನ್ನನ್ನ ಪಾಸು ಅಂದಿರ್ಲಿಲ್ಲ. ಇರ್ಲಿ, ಹಂಗೇ ಕೊಡಿ."

ಹಾಗೇ ಕೊಟ್ಟೆ. ರಸೀದಿ ಆಪರೇಷನ್ನಿನ ಹಿಂದಿನ ದಿನ ಬಂದು ಆಸ್ಪತ್ರೆಯ ದಿಂಬಿನಡಿ ಸೇರಿತು. ಮಾವ ಆಮೇಲೂ ಒಂಬತ್ತು ವರ್ಷ ಬದುಕಿ, ಬಂದ ನೆಂಟರಿಗೆಲ್ಲ ಈ ಕಥೆ ಹೇಳಿದರು.

ಮೊನ್ನೆ ಗಾಜಿಗೆ ಮೂಗು ತಾಗಿಸಿ ಚೀಟಿ ಓದಿದೆ: 'ಅಂಚಿನ ಹಸಿರು ಚುಕ್ಕೆ: ಬಹುಶಃ ತುಕಡಿಯ ಗುರುತು.' ಅಲ್ಲಿದ್ದ ಸಿಬ್ಬಂದಿಯನ್ನು ಕರೆದು ನಿಜ ಹೇಳಲು ಬಾಯಿ ತೆರೆದೆ. ಮಾವನ ನಗು ಕೇಳಿಸಿದಂತಾಯಿತು, ಮುಚ್ಚಿದೆ.

ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಸಾಸಿವೆಯಷ್ಟು ಹಸಿರು. ಅದೂ ಸ್ವಲ್ಪ ಎಡಕ್ಕೆ ಬಿದ್ದಿದೆ.