ಒಗ್ಗದ ಹಾಲು

ಬೆಳಗ್ಗೆ ಏಳು ಗಂಟೆ ಬಸ್ಸಿನ ಡ್ರೈವರಿಗೆ ಐವತ್ತೆರಡು ವರ್ಷ. ದಪ್ಪ ಮೀಸೆ, ಕಡಿಮೆ ಮಾತು. ಇಪ್ಪತ್ತಾರು ವರ್ಷದಲ್ಲಿ ಗಾಡಿಗೆ ಒಂದು ಗೀರು ಕೂಡ ಮಾಡಿಕೊಂಡವರಲ್ಲ. ಆದರೆ ಎರಡು ವರ್ಷದಿಂದ ಹೊಟ್ಟೆ ಅವರ ಮಾತು ಕೇಳುತ್ತಿರಲಿಲ್ಲ. ಮೂರನೇ ನಿಲ್ದಾಣ ದಾಟುವಷ್ಟರಲ್ಲಿ ಉಬ್ಬಿಕೊಂಡು ಗುಡುಗುಡು ಎನ್ನುತ್ತಿತ್ತು. ಪೆಟ್ರೋಲ್ ಬಂಕ್ ಕಂಡದ್ದೇ ಬಸ್ಸು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಶೌಚಾಲಯಕ್ಕೆ ಓಡುತ್ತಿದ್ದರು. "ಟೈರಿಗೆ ಗಾಳಿ ಹೊಡೆಸ್ಬೇಕು, ಎರಡೇ ನಿಮಿಷ" ಎಂದು ಪ್ರಯಾಣಿಕರಿಗೆ ಹೇಳಿ ಕಂಡಕ್ಟರಮ್ಮ ಅವರ ಮಾನ ಕಾಯುತ್ತಿದ್ದಳು.

ಒಂದು ದಿನ ಸಿಗ್ನಲ್ಲಿನಲ್ಲಿ ನೋವು ತಡೆಯಲಾಗದೆ ಸ್ಟೀರಿಂಗ್ ಮೇಲೆ ಹಣೆಯಿಟ್ಟರು. ಕೊನೆಯ ನಿಲ್ದಾಣದಲ್ಲಿ, "ಇನ್ನಾಗಲ್ಲ ಕಣಮ್ಮಾ. ಡಿಪೋದಲ್ಲಿ ಕೂತು ಮಾಡೋ ಕೆಲಸ ಕೇಳ್ತೀನಿ" ಎಂದರು.

"ಮೊದ್ಲು ಡಾಕ್ಟ್ರು, ಆಮೇಲೆ ಡಿಪೋ. ನಡೀರಿ ಅಣ್ಣ."

ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ತಿಂದದ್ದು, ಕುಡಿದದ್ದು, ನೋವು ಬಂದ ಹೊತ್ತು ಎಲ್ಲ ಬರೆದಿಡಿ ಎಂದರು ಡಾಕ್ಟರು. ಡ್ರೈವರಿಗೆ ಬರೆಯುವುದೆಂದರೆ ಆಗದು. ಕಂಡಕ್ಟರಮ್ಮನೇ ಕೇಳಿ ಕೇಳಿ ಬರೆದಳು. ಮೂರು ವಾರವಾದ ಮೇಲೆ ಅವಳ ಕಣ್ಣು ಒಂದು ಕಡೆ ನಿಂತಿತು.

"ಮನೇಲಿ ಅತ್ತಿಗೆ ಇಲ್ದೆ, ಅವ್ರ ತಂಗಿ ಮನೆಗೆ ಹೋಗಿದ್ದ ಐದು ದಿನ ನಿಮಗೆ ನೋವೇ ಇಲ್ವಲ್ಲ! ಆಗ ಏನು ಬಿಟ್ಟಿದ್ರಿ?"

"ಏನೂ ಇಲ್ಲ. ಹಾಲೊಂದು ಕುಡೀಲಿಲ್ಲ. ಕಾಯಿಸಿ ಕೊಡೋರು ಯಾರು?"

ಮರುದಿನ ಬರೆದದ್ದನ್ನು ನೋಡಿ ಡಾಕ್ಟರು ನಕ್ಕರು. "ವಯಸ್ಸಾಗ್ತಾ ಕೆಲವರಿಗೆ ಹಾಲಿನಲ್ಲಿರೋ ಸಕ್ಕರೆ ಅರಗಲ್ಲ. ಎರಡು ವಾರ ಬಿಟ್ಟು ನೋಡಿ."

"ಸದ್ಯ, ನನ್ನ ಹೊಟ್ಟೆಗೆ ಹಾಲು ಹೊಯ್ದಂಗಾಯ್ತು" ಎಂದಳು ಕಂಡಕ್ಟರಮ್ಮ.

"ಆ ಮಾತೊಂದು ಬೇಡ ತಾಯಿ" ಎಂದರು ಡ್ರೈವರು.

ಆದರೆ ಮನೆಯಲ್ಲಿ ಹೇಳುವುದು ಹೇಗೆ? ಬರಿಹೊಟ್ಟೆಯಲ್ಲಿ ಗಾಡಿ ಓಡಿಸಬಾರದೆಂದು ಮದುವೆಯಾದಾಗಿನಿಂದ ಹೆಂಡತಿ ಐದೂವರೆಗೆ ಎದ್ದು ಹಾಲು ಕಾಯಿಸುತ್ತಿದ್ದಳು. ಗಂಡ ಸೊರಗುತ್ತಿದ್ದಾರೆಂದು ಈಚೆಗೆ ಲೋಟವನ್ನೂ ದೊಡ್ಡದು ಮಾಡಿದ್ದಳು. ಡ್ರೈವರು ಬಾಯಿ ಬಿಡದೆ ಮೂರು ದಿನ ಹಾಲನ್ನು ಸಿಂಕಿಗೆ ಸುರಿದರು. ನಾಲ್ಕನೇ ದಿನ ಸಿಕ್ಕಿಬಿದ್ದರು.

"ನನ್ನ ಮೇಲೆ ಏನ್ರೀ ಸಿಟ್ಟು?"

ತಡವರಿಸುತ್ತ ಎಲ್ಲ ಹೇಳಿದರು. ಅವಳು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. "ಹಂಗಾದ್ರೆ ಇಷ್ಟು ದಿನ ನಾನು ನೋವು ಕಾಯಿಸಿ ಕೊಡ್ತಿದ್ನಾ?"

ಡ್ರೈವರು ಯೂನಿಫಾರಂ ಹಾಕಿಕೊಂಡೇ ಅವಳ ಪಕ್ಕದಲ್ಲಿ ಕೂತರು. "ಹಾಲು ಒಗ್ಗಲಿಲ್ಲ, ಅಷ್ಟೇ ಕಣೇ. ನೀನು ಒಗ್ಗಿದೀಯಲ್ಲ."

ಅಳುತ್ತಿದ್ದವಳಿಗೆ ನಗು ಬಂತು. "ಏಳಿ, ಹೊತ್ತಾಯ್ತು" ಎಂದು ಎರಡು ಮೊಟ್ಟೆ ಬೇಯಲು ಇಟ್ಟಳು.

ಎರಡು ವಾರ ಬಸ್ಸು ಎಲ್ಲೂ ದಾರಿ ಮಧ್ಯೆ ನಿಲ್ಲಲಿಲ್ಲ. ಹೆಂಡತಿಗೆ ಮಾತ್ರ ನಂಬಿಕೆ ಬರಲಿಲ್ಲ. ಶನಿವಾರ ಅವಳೇ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಕೊನೆಯ ನಿಲ್ದಾಣದವರೆಗೂ ಕನ್ನಡಿಯಲ್ಲಿ ಗಂಡನ ಮುಖ ನೋಡುತ್ತ ಹೋದಳು. ಕಂಡಕ್ಟರಮ್ಮ "ಎಲ್ಲಿಗೆ ಅತ್ತಿಗೆ?" ಎಂದರೆ, "ಎಲ್ಲಿಗೂ ಇಲ್ಲ" ಎಂದಳು.