ಲಕ್ಕಿ ಬೇಡ, ಅಶೋಕ ಇರಲಿ

ಕಿರವತ್ತಿಯ ನನ್ನ ಮನೆಗೂ ಪಕ್ಕದವಳ ಹಿತ್ತಲಿಗೂ ನಡುವೆ ಇದ್ದ ಬಿದಿರು ಬೇಲಿಯನ್ನು ಆ ವರ್ಷ ಗೆದ್ದಲು ತಿಂದು ಮುಗಿಸಿತ್ತು. ಇನ್ನು ಗಿಡದ ಬೇಲಿಯೇ ಆಗಲಿ ಎಂದು ಇಬ್ಬರೂ ಒಪ್ಪಿದೆವು. ನನ್ನ ಮನಸ್ಸು ಲಕ್ಕಿ ಗಿಡದ ಮೇಲೆ. ದನ ಬಾಯಿ ಹಾಕುವುದಿಲ್ಲ, ಬೇಸಿಗೆಗೆ ಸಾಯುವುದಿಲ್ಲ, ಸವರಿದಷ್ಟೂ ಚಿಗುರುತ್ತದೆ. ಎದೆಮಟ್ಟಕ್ಕೆ ಸವರಿಟ್ಟರೆ ಆಚೆ ಪಾತ್ರೆ ತೊಳೆಯುವ ಅವಳ ಜೊತೆ ಈಚೆ ನಿಂತು ಮಾತಾಡಬಹುದು. ಅವಳೂ ನನ್ನಂತೆ ಒಂಟಿ. ಗಂಡ ಹೋದ ಮೇಲೆ ನನಗೆ ಮಾತಿಗೆ ಅಂತ ಇದ್ದದ್ದು ಅವಳೊಬ್ಬಳೇ.

"ಲಕ್ಕಿ ಬ್ಯಾಡ್ರಿ ಅಕ್ಕಾರ," ಎಂದಳು. "ಹೈವೇ ಧೂಳ ತಡೀಬೇಕಂದ್ರ ಎಲಿ ಉದುರದ ಮರಾನ ಬೇಕು. ಅಶೋಕ ಹಚ್ಚೋಣ."

ಅಶೋಕ ಎದ್ದರೆ ಗೋಡೆ ಕಟ್ಟಿದ ಹಾಗೆ ಎಂದೆ. ನಡುವೆ ಒಂದು ದಣಪೆ ಬಿಡೋಣ, ಓಡಾಡಲು ದಾರಿಯಾಯಿತಲ್ಲ ಎಂದಳು. ಲಾರಿಗಳ ಧೂಳೂ ಸುಳ್ಳಲ್ಲ. ನಾನು ಒಣಹಾಕಿದ ಹಪ್ಪಳ ಕಚ್ಚಿದರೆ ಹಲ್ಲಿಗೆ ಮಣ್ಣು ಸಿಗುತ್ತಿತ್ತು. ಹೂಂ ಅಂದೆ. ಯಲ್ಲಾಪುರಕ್ಕೆ ಒಟ್ಟಿಗೇ ಹೋಗಿ ಸಸಿ ತಂದೆವು. ಅವಳು ತವರಿಗೆ ಹೋದಾಗಲೆಲ್ಲ ನಾನೇ ಕೊಡ ಹೊತ್ತು ನೀರು ಹಾಕಿದೆ, ಸೊಂಟನೋವು ಅಂತ ಕೂರಲಿಲ್ಲ.

ಮರಗಳು ತಲೆ ಮೀರಿದವು. ಆಚೆ ಏನು ನಡೆದರೂ ಕಾಣದಾಯಿತು. ಒಂದು ದಿನ ದಣಪೆಗೂ ತಂತಿ ಬಿಗಿಸಿದಳು. ನಾಯಿ ನುಗ್ಗುತ್ತದೆ ಅಂದಳು, ಪೆದ್ದಿ ನಾನು, ನಂಬಿದೆ. ಆಮೇಲೊಂದು ಬೆಳಿಗ್ಗೆ ಜೆಸಿಬಿ ಸದ್ದು. ರಸ್ತೆಯಿಂದ ಸುತ್ತಿ ಹೋಗಿ ನೋಡಿದರೆ ಹಿತ್ತಲು ಬಟಾಬಯಲು. ಢಾಬಾದವನೊಬ್ಬ ಲಾರಿ ನಿಲ್ಲಿಸಲು ನೆಲ ಸಮ ಮಾಡಿಸುತ್ತಿದ್ದ. ಮನೆ, ಹಿತ್ತಲು ಎಲ್ಲ ತಾನೇ ಕೊಂಡೆ ಎಂದ. ಯಾವಾಗ ಎಂದು ಕೇಳಿದೆ.

"ಸಸಿ ಹಚ್ಚೂ ಮೊದ್ಲ ಮಾತಾಗಿತ್ರಿ. ಮರ ಎತ್ತರ ಆಗ್ಲಿ, ಆಮ್ಯಾಲ ಬರ್ರಿ ಅಂದಿದ್ರು."

ಧೂಳಂತೆ ಧೂಳು! ನಂಬಿಸಿ ಕತ್ತು ಕೊಯ್ದಳಲ್ಲ ಎಂದು ಮೈಯೆಲ್ಲ ಉರಿಯಿತು. ಅವಳ ಮನೆಯ ಮುಂಬಾಗಿಲಿಗೆ ಹೋದೆ. ಒಳಗೆ ಅವಳು ತವರಿಗೆ ಹೊರಡಲು ಗಂಟು ಕಟ್ಟುತ್ತಿದ್ದಳು. ಯಾಕೆ ಹೀಗೆ ಮಾಡಿದೆ ಎಂದೆ. ತಲೆ ಎತ್ತಲಿಲ್ಲ.

"ದಿನಾ ನಿಮ್ಮ ಮುಖ ಕಂಡಿದ್ರ, ನನಗ ಇಲ್ಲಿಂದ ಹೋಗಾಕ ಆಗ್ತಿರ್ಲಿಲ್ರಿ," ಎಂದಳು.

ಮೊದಲೇ ಹೇಳಿದ್ದರೆ, ಮಾರಬೇಡ ಎಂದು ನಾನು ಅನ್ನುತ್ತಿರಲಿಲ್ಲ. ಹೋಗುವವರೆಗೆ ದಿನಾ ಮಾತಾಡು ಅನ್ನುತ್ತಿದ್ದೆ, ಅಷ್ಟೇ.